ಯಾರೂ ಬೀಸದ ಗಾಳಿ

ಆ ಊರಿನಲ್ಲಿ ದೀಪದ ಕುಡಿ ಅಲುಗುತ್ತಿರಲಿಲ್ಲ. ಒಲೆಯ ಹೊಗೆ ನೂಲು ಹಿಡಿದು ಎಳೆದಂತೆ ನೆಟ್ಟಗೆ ಮೇಲೇರಿ, ಯಾರ ಕಣ್ಣಿಗೂ ನಿಲುಕದಲ್ಲಿ ಮುಗಿದುಹೋಗುತ್ತಿತ್ತು. ಒಣಹಾಕಿದ ಸೀರೆ ಹಲಗೆಯ ಹಾಗೆ ನಿಂತಲ್ಲೇ ನಿಂತಿರುತ್ತಿತ್ತು. ಸುತ್ತ ಬಂಡೆ, ನಡುವೆ ಊರು. ಒಲೆಯ ಮೇಲಿಟ್ಟ ಬಾಣಲೆಗೆ ಹಿಡಿ ಕಾಳು ಸುರಿದು ಮರೆತುಬಿಟ್ಟರೆ ಹೇಗಿರುತ್ತದೋ ಹಾಗೆ. ಎಲ್ಲಿದೆ ಈ ಊರು ಎಂದು ಮಾತ್ರ ಕೇಳಬೇಡಿ. ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ನೀವು ಹೋಗುತ್ತೀರಿ, ಹೋದರೆ ನಿಮ್ಮ ಕೈಗೂ ಒಂದು ಬೀಸಣಿಗೆ ಕೊಟ್ಟು ಕೂರಿಸಿಬಿಡುತ್ತಾರೆ.

ಹಾಗಂತ ಬಡ ಊರೆಂದು ತಿಳಿಯಬಾರದು. ಕಣಜ ತುಂಬಿತ್ತು. ಬಾವಿಯ ನೀರು ಎಳನೀರಿನಷ್ಟು ಸಿಹಿ. ಬಾಗಿಲಿಗೆ ಚಿಲಕವಿಲ್ಲ, ಚಿಲಕ ಬೇಕೆನ್ನುವ ಭಯವೂ ಇಲ್ಲ. ಇಲ್ಲದ್ದು ಗಾಳಿಯೊಂದೇ, ಅದಕ್ಕೂ ಊರಿನವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ತನಗೆ ತಾನು ಬೀಸಿಕೊಳ್ಳಬಾರದು. ಎದುರಿನವರಿಗೆ ಬೀಸಬೇಕು, ಎದುರಿನವರಿಂದ ಬೀಸಿಸಿಕೊಳ್ಳಬೇಕು. ಒಬ್ಬರ ಮಂಡಿ ಇನ್ನೊಬ್ಬರ ಮಂಡಿಗೆ ತಾಕುವಷ್ಟು ಕಿರಿದಾದ ಬೀದಿಗಳು, ಪ್ರತಿ ಜಗಲಿಗೆ ಎದುರೊಂದು ಜಗಲಿ, ಪ್ರತಿಯೊಬ್ಬರಿಗೂ ಎದುರಿನವರೊಬ್ಬರು. ಮದುವೆ ಮುರಿಯಬಹುದು, ಅಣ್ಣತಮ್ಮಂದಿರು ಪಾಲಾಗಬಹುದು, ಎದುರು ಮಾತ್ರ ಬದಲಾಗುವಂತಿಲ್ಲ. ಬೆಳಿಗ್ಗೆ ಕೊಂಬು ಊದಿದ ಕೂಡಲೇ ಊರಿಗೆ ಊರೇ ಜಗಲಿಗೆ ಬಂದು ಕೂತು ಬೀಸುತ್ತ ಹೇಳುತ್ತಿತ್ತು: "ನನ್ನ ಕೈ ನಿನ್ನ ಮೈಗೆ, ನಿನ್ನ ಕೈ ನನ್ನ ಮೈಗೆ."

ಬಲಗೈ ಹೀಗೆ ಎದುರಿನವರ ಪಾಲಾದ ಮೇಲೆ ಉಳಿದದ್ದು ಎಡಗೈ. ಊಟವನ್ನೂ ಎಡಗೈಯಲ್ಲೇ ಮಾಡುತ್ತಿದ್ದರು. ಮೂಗು ಮುರಿಯಬೇಡಿ, ಅವರು ನಿಮ್ಮನ್ನು ನೋಡಿದರೂ ಮೂಗು ಮುರಿಯುತ್ತಿದ್ದರು. ಎಲ್ಲರ ಬಲಭುಜವೂ ಎಡಭುಜಕ್ಕಿಂತ ದಪ್ಪ. ದರ್ಜಿ ರವಿಕೆಗೆ ಒಂದು ತೋಳನ್ನು ಸಡಿಲವಾಗಿಯೇ ಹೊಲಿಯುತ್ತಿದ್ದ. ವ್ಯಾಕರಣ ಓದಿದವರು ಇನ್ನೊಂದನ್ನೂ ಗಮನಿಸಬಹುದು. ಮಳೆ ಬಂತು ಎಂದರೆ ಆ ಊರಿನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ, ಬಿಸಿಲು ಬಿತ್ತು ಎಂದರೂ ಕೇಳುತ್ತಿರಲಿಲ್ಲ. ಗಾಳಿ ಬೀಸಿತು ಎಂದರೆ ಮಾತ್ರ ತಲೆಯೆತ್ತಿ, "ಯಾರು?" ಎನ್ನುತ್ತಿದ್ದರು. ಕರ್ತೃವಿಲ್ಲದೆ ಆ ಕ್ರಿಯಾಪದ ಅವರ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ.

ಊರಿಗೆಲ್ಲ ಬೀಸಣಿಗೆ ಹೆಣೆದು ಕೊಡುವವಳೊಬ್ಬಳಿದ್ದಳು. ಬೀಸಣಿಗೆಯವಳು ಎಂದೇ ಅವಳ ಹೆಸರು. ತಾಳೆಯ ಗರಿ, ಅಂಚಿಗೆ ಲಾವಂಚ, ಹಿಡಿಗೆ ಬಿದಿರು. ನೀರು ಚಿಮುಕಿಸಿ ಬೀಸಿದರೆ ಘಮ್ಮೆನ್ನಬೇಕು. ಊರಿನ ಮರ್ಯಾದೆಯೆಲ್ಲ ಅವಳಿಗೆ. ಹೊಸ ಅಕ್ಕಿ ಮೊದಲು ಅವಳ ಮನೆಗೆ, ಕರು ಹಾಕಿದರೆ ಗಿಣ್ಣು ಮೊದಲು ಅವಳ ಮನೆಗೆ. ಇಷ್ಟೆಲ್ಲ ಸುಖದ ನಡುವೆ ಅವಳಿಗೊಂದು ವಿಷಯ ತಿಳಿದುಹೋಗಿತ್ತು. ತಿಳಿಯದೆ ಇದ್ದಿದ್ದರೆ ಒಳ್ಳೆಯದಿತ್ತೋ ಏನೋ. ಅಜ್ಜಿ ಹೆಣೆಯುತ್ತಿದ್ದ ಬೀಸಣಿಗೆ ಅಂಗೈಯಗಲ. ಅಮ್ಮ ಹೆಣೆದದ್ದು ತಟ್ಟೆಯಗಲ. ಇವಳು ಹೆಣೆಯುತ್ತಿದ್ದದ್ದು ಮೊರದಗಲ. ಅಷ್ಟಿದ್ದರೂ ಜನ ಬಂದು, "ಇನ್ನೊಂಚೂರು ದೊಡ್ಡದು ಹೆಣಿಯಮ್ಮ, ಇದು ಸಾಲ್ತಿಲ್ಲ" ಎನ್ನುತ್ತಿದ್ದರು. ಸೆಕೆ ಹೆಚ್ಚಾಗುತ್ತಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ಬೀಸಣಿಗೆ ಚಿಕ್ಕದಾಗುತ್ತಿದೆ ಎನ್ನುತ್ತಿದ್ದರು.

ಅವಳ ಎದುರಿನವಳ ವಿಷಯ ಹೇಳಲೇಬೇಕು. ದಪ್ಪ ಹೆಂಗಸು, ಬಾಯಿ ಅದಕ್ಕಿಂತ ದಪ್ಪ. ಇಬ್ಬರೂ ಲಂಗ ಉಡುವ ಕಾಲದಿಂದ ಎದುರುಬದುರು ಕೂತವರು. ಒಬ್ಬಳ ಬೆವರಿನ ವಾಸನೆ ಇನ್ನೊಬ್ಬಳಿಗೆ ತನ್ನ ಮನೆಯ ವಾಸನೆಯಷ್ಟು ಗೊತ್ತು. ಯಾವ ಕಂಕುಳಲ್ಲಿ ಬೆವರುಸಾಲೆ ಎದ್ದಿದೆ, ಯಾವ ಕಿವಿಯ ಹಿಂದೆ ತುರಿಸುತ್ತಿದೆ ಎಂದು ಹೇಳದೆಯೇ ಅಲ್ಲಿಗೆ ಗಾಳಿ ತಲುಪುತ್ತಿತ್ತು. ಪ್ರೀತಿ ಎನ್ನುತ್ತೀರಾ? ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ.

"ಹೊತ್ತಾರೆನೇ ಆ ಮುಖ ಏನೇ, ಅಳಸಿಹೋದ ಸಾರು ಇದ್ದಂಗೆ" ಎಂದು ಎದುರಿನವಳು ಬೀಸುತ್ತಿದ್ದಳು.

"ನಿನ್ನ ಮುಖ ನೋಡಿ ಅಳಸಿದ್ದು ಕಣೆ" ಎಂದು ಬೀಸಣಿಗೆಯವಳೂ ಬೀಸುತ್ತಿದ್ದಳು.

ಹೀಗಿರುವಾಗ ಉಪ್ಪಿನವನು ಬಂದ. ಕತ್ತೆಯ ಮೇಲೆ ಉಪ್ಪಿನ ಮೂಟೆ ಹೇರಿಕೊಂಡು ಬಂಡೆಯ ಸಂದಿನಿಂದ ಇಳಿದು ಬಂದವನನ್ನು ನೋಡಿ ಊರು ಮೊದಲು ನಕ್ಕಿತು. ಬೆವರಿನ ಊರಿಗೆ ಉಪ್ಪು ಮಾರಲು ಬಂದಿದ್ದಾನೆ!

"ನಾಲಿಗೆ ಚಾಚಿ ಮೇಲ್ತುಟಿ ನೆಕ್ಕಿಕೊಂಡ್ರೆ ಸಾಲ್ದಾ? ನಿನ್ನ ಉಪ್ಪು ಯಾವನಿಗೆ ಬೇಕಯ್ಯ?" ಎಂದಳು ಎದುರಿನವಳು.

ಅವನು ಬೀಸಣಿಗೆಯವಳ ಜಗಲಿಯ ತುದಿಯಲ್ಲಿ ಕೂತು ಬುತ್ತಿ ಬಿಚ್ಚಿದ. ಬಲಗೈಯಿಂದ ತಿಂದ. ಬೀದಿ ಅಸಹ್ಯಪಟ್ಟುಕೊಂಡಿತು. ಎದುರಿನವರ ಕೈಯಲ್ಲಿ ಉಣ್ಣುತ್ತಾನಲ್ಲ, ನಾಚಿಕೆಯಿಲ್ಲದವನು! ತಿಂದಾದ ಮೇಲೆ ಎರಡೂ ಕೈ ಆಡಿಸಿಕೊಂಡು ಮಾತಿಗೆ ಶುರುಮಾಡಿದ. ಹಾಗೆ ಎರಡು ಕೈ ಒಟ್ಟಿಗೆ ಗಾಳಿಯಲ್ಲಿ ಆಡುವುದನ್ನು ಆ ಊರು ನೋಡಿರಲಿಲ್ಲ.

"ನಿಮ್ಮೂರಲ್ಲಿ ಇದೇನಮ್ಮ ಹೀಗೆ ಸೆಕೆ? ಈ ಬಂಡೆ ದಾಟಿದ್ರೆ ಅತ್ಲಾಗೆ ಏನು ತಂಪು ಅಂತೀರಿ. ಗಾಳಿ ಬೀಸ್ತಾನೇ ಇರುತ್ತೆ."

"ಯಾರು?" ಎಂದಿತು ಬೀದಿ.

"ಯಾರು ಅಂದ್ರೆ? ಗಾಳಿ. ತಾನೇ ಬೀಸುತ್ತೆ."

"ಯಾರೂ ಬೀಸದೆ?"

"ಗಾಳೀನ ಯಾರಾದ್ರೂ ಬೀಸಬೇಕೇನ್ರಪ್ಪ!"

ನಗು ನಿಂತಿತು. ತಮಾಷೆ ಬೇರೆ, ಅವಮಾನ ಬೇರೆ. ಯಾರೂ ಬೀಸದ ಗಾಳಿ ಇದೆ ಎನ್ನುವುದು ಇಷ್ಟು ಕಾಲ ಬೀಸಿದವರ ಮುಖಕ್ಕೆ ಉಗಿದ ಹಾಗೆ. ಯಾರೋ ಕತ್ತೆಗೆ ಕಲ್ಲು ಹೊಡೆದರು. ಇನ್ನ್ಯಾರೋ ಮೂಟೆಯ ಬಾಯಿ ಹರಿದರು. ಉಪ್ಪಿನವನು ಉಪ್ಪು ಸುರಿಸಿಕೊಂಡೇ ಬಂಡೆಯ ಸಂದಿಗೆ ಓಡಿದ. ಅವನ ಹಿಂದೆ ಬೆಳ್ಳಗೆ ಗೆರೆಯೊಂದು ಉಳಿಯಿತು. ಸಂಜೆಯೊಳಗೆ ಅದನ್ನೂ ಗುಡಿಸಿಹಾಕಿದರು.

ಬೀಸಣಿಗೆಯವಳು ಮಾತ್ರ ಗರಿ ಹೆಣೆಯುತ್ತ ಹೆಣೆಯುತ್ತ ನಿಲ್ಲತೊಡಗಿದಳು. ಇಷ್ಟು ಚೆನ್ನಾಗಿ ಬದುಕುತ್ತಿದ್ದವಳಿಗೆ ಏನು ಬಂದಿತ್ತು ಧಾಡಿ ಎಂದರೆ, ಅವಳೂ ತನ್ನನ್ನು ಅದನ್ನೇ ಕೇಳಿಕೊಳ್ಳುತ್ತಿದ್ದಳು. ಹೊಸ ಅಕ್ಕಿ ಬಿಟ್ಟು ಹೋಗುವುದೇ? ಗಿಣ್ಣು ಬಿಟ್ಟು ಹೋಗುವುದೇ? ಯಾವನೋ ದಾರಿಹೋಕನ ಗಾಳಿಮಾತು ನಂಬಿಕೊಂಡು? ಹೋಗಬಾರದು ಎಂದು ತೀರ್ಮಾನ ಮಾಡಿ ಮೊರದಗಲದ ಬೀಸಣಿಗೆಯೊಂದನ್ನು ಮುಗಿಸುವಳು. ಮುಗಿದದ್ದನ್ನು ಅಜ್ಜಿಯ ಅಂಗೈಯಗಲದ ಬೀಸಣಿಗೆಯ ಪಕ್ಕ ಇಡುವಳು. ತೀರ್ಮಾನ ಅಲ್ಲಿಗೆ ಮುರಿಯುತ್ತಿತ್ತು.

ಎದುರಿನವಳಿಗೆ ಎಷ್ಟು ದಿನ ಮುಚ್ಚಿಡಲು ಸಾಧ್ಯ?

"ನಿನ್ನ ಬೀಸು ಬದಲಾಯ್ತು ಕಣೆ" ಎಂದಳು ಒಂದು ಬೆಳಿಗ್ಗೆ. "ಮೈ ಮೇಲೆ ಬೀಳ್ತಿಲ್ಲ. ಪಕ್ಕಕ್ಕೆ ಹೋಗ್ತಿದೆ. ಯಾರಿಗೆ ಬೀಸ್ತಿದೀಯ?"

"ನಿಂಗೇ ಬೀಸ್ತಿದೀನಲ್ಲೇ."

"ಸುಳ್ಳು. ಬಂಡೆ ಕಡೆ ನೋಡ್ಕೊಂಡು ಬೀಸ್ತಿದೀಯ. ನೀನು ಹೋದ್ರೆ ನಂಗ್ಯಾರೇ ಬೀಸ್ತಾರೆ, ನಿಮ್ಮಪ್ಪನಾ?"

ಇದು ಬರಿಯ ಬೈಗುಳವಲ್ಲ. ಎದುರಿನವರು ಸತ್ತರೆ ಊರು ಇನ್ನೊಬ್ಬರನ್ನು ಕೊಡುತ್ತಿತ್ತು. ಎದುರಿನವರು ಬಿಟ್ಟುಹೋದರೆ ಕೊಡುತ್ತಿರಲಿಲ್ಲ. ಎದುರಿನವರಿಂದ ಕೈಬಿಡಿಸಿಕೊಂಡವರ ಎದುರು ಕೂರುವುದು ಅಪಶಕುನ ಎಂದು ಕಟ್ಟಳೆ. ಬೀಸಣಿಗೆಯವಳು ಹೋದರೆ ಎದುರಿನವಳು ಸಾಯುವವರೆಗೂ ತನ್ನ ಬೆವರಿನಲ್ಲಿ ತಾನೇ ಬೇಯಬೇಕು. ಬೀಸಣಿಗೆಯವಳು ಆ ವಾರವೆಲ್ಲ ಮನೆಮನೆಗೆ ಹೋಗಿ, ನಾನು ಹೋದರೆ ಅವಳಿಗೆ ಬೀಸುತ್ತೀರಾ ಎಂದು ಕೇಳಿದಳು. ಯಾರೂ ಒಪ್ಪಲಿಲ್ಲ. ಅವಳು ಕೇಳಿದ್ದರಿಂದ ಆದ ಲಾಭ ಒಂದೇ, ಅವಳು ಹೊರಟಿದ್ದಾಳೆಂದು ಊರಿಗೆಲ್ಲ ಖಾತ್ರಿಯಾಯಿತು.

"ಗಾಳಿ ಸೋಕಿದೆ" ಎಂದರು. ನಿಮ್ಮ ನಮ್ಮ ಊರಿನಲ್ಲಿ ಹೀಗೆಂದರೆ ದೆವ್ವ ಮೆಟ್ಟಿದೆ ಎಂದರ್ಥ. ಆ ಊರಿನಲ್ಲಿ ಅದರ ಅರ್ಥ ಅದೇ, ಆದರೆ ಹೇಳುವ ರೀತಿ ಇನ್ನೂ ಕ್ರೂರ. ಬಾವಿಕಟ್ಟೆಯಲ್ಲಿ ಅವಳು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಂಡರು. ಅವಳು ಹೆಣೆದು ಕೊಟ್ಟ ಬೀಸಣಿಗೆಗಳ ಹಿಡಿಗೆ ಬೇವಿನ ಎಲೆ ಕಟ್ಟಿಕೊಂಡರು.

ಆಮೇಲೆ ಊರ ಹಿರಿಯ ಬಂದ. ಎಲೆಯಡಿಕೆ ಬಾಯಿ ತುಂಬ ತುಂಬಿಕೊಂಡು, ಇಬ್ಬರು ಗಟ್ಟಿಮುಟ್ಟಾದ ಹೆಂಗಸರನ್ನು ಹಿಂದಿಟ್ಟುಕೊಂಡು ಬಂದ. ಜಗಲಿಯ ಮೇಲೆ ಕೂತು ನಕ್ಕ. ಆ ನಗು ಒಳ್ಳೆಯದಲ್ಲ ಎಂದು ಅವಳಿಗೆ ಗೊತ್ತಾಗಬೇಕಿತ್ತು.

"ತಾಯಿ, ಸೆಕೆ ಅಲ್ವೇ ನಿನ್ನ ಕಷ್ಟ? ಹೇಳಬಾರದಾ? ಇವತ್ತಿಂದ ನಿಂಗೆ ಜೋಡಿಬೀಸು. ಈ ಊರಲ್ಲಿ ನಂಗೊಬ್ಬನಿಗೇ ಇದ್ದದ್ದು. ಕೂತ್ಕೋ."

ಆ ಇಬ್ಬರು ಎರಡು ಕಡೆ ನಿಂತು ಬೀಸಿದರು. ಏನು ಹೇಳಲಿ! ಎಡಗಿವಿಗೂ ಗಾಳಿ, ಬಲಗಿವಿಗೂ ಗಾಳಿ. ಲಾವಂಚದ ವಾಸನೆ ಮೂಗಿನೊಳಗೆ ಇಳಿದು ಎದೆಯಲ್ಲಿ ಹಾಸಿಗೆ ಹಾಸಿತು. ಅವಳ ಕಣ್ಣು ತೇಲಿತು. ಬಂಡೆಯೂ ಇಲ್ಲ, ಉಪ್ಪಿನವನೂ ಇಲ್ಲ. ಇಷ್ಟು ಸುಖವನ್ನು ಬಿಟ್ಟು ಹೋಗುವವರು ಮನುಷ್ಯರೇ? ಇಲ್ಲ, ಹೋಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೂಬಿಟ್ಟಳು.

ಹಿರಿಯ ಅಷ್ಟರಲ್ಲಿ ಪಿಚಕ್ಕೆಂದು ಉಗಿದು ಮಾತು ಮುಂದುವರಿಸಿದ. ಗೆದ್ದವರಿಗೆ ಸುಮ್ಮನಿರುವುದು ಬರುವುದಿಲ್ಲ ನೋಡಿ.

"ಮುಂದಿನ ಬೇಸಿಗೆಗೆ ಬಾಗಿಲಗಲದ್ದು ಹೆಣೆಯಮ್ಮ. ಒಬ್ಬರ ಕೈಲಿ ಎತ್ತೋಕೆ ಆಗಲ್ಲ, ಇಬ್ಬರು ಹಿಡಿದು ಬೀಸೋ ಹಾಗೆ ಎರಡು ಹಿಡಿ ಇಡು."

ಅವಳು ಕಣ್ಣು ಬಿಟ್ಟಳು. "ಇಬ್ಬರು ಸೇರಿ ಒಬ್ಬರಿಗೆ ಬೀಸಿದ್ರೆ, ಆ ಇಬ್ಬರಲ್ಲಿ ಒಬ್ಬರ ಎದುರು ಖಾಲಿ ಇರುತ್ತಲ್ಲ, ಯಜಮಾನರೇ? ಅವರಿಗೆ ಯಾರು ಬೀಸ್ತಾರೆ?"

"ಮಕ್ಕಳಿಗೂ ಕೊಟ್ರಾಯ್ತು. ತೊಟ್ಟಿಲಲ್ಲಿರೋವುಕ್ಕೂ ಪುಟ್ಟದು ಒಂದೊಂದು ಹೆಣೆ. ಸುಮ್ನೆ ಕೈ ಆಡಿಸ್ತಿರ್ತಾವಲ್ಲ, ದಂಡ."

ಅವಳು ಎದ್ದು ನಿಂತಳು. ಎರಡು ಗಾಳಿಯ ನಡುವಿನಿಂದ ಎದ್ದು ಬರುವುದು ಎಷ್ಟು ಕಷ್ಟ ಎಂದು ಎದ್ದವರಿಗೇ ಗೊತ್ತು.

"ನಾನು ಹೊರಟೆ" ಎಂದಳು.

ಹಿರಿಯನ ಬಾಯಿಯ ಎಲೆಯಡಿಕೆ ಅಲ್ಲೇ ನಿಂತಿತು. ಆಮೇಲೆ ಬಲು ಮೆತ್ತಗೆ ಹೇಳಿದ: "ಹೋಗು. ತಡೆಯೋರು ಯಾರು? ಊರಬೀಸು ಮಾಡಿ ಕಳಿಸ್ತೀವಿ."

ಊರಬೀಸು ಎಂದರೆ ಇದು. ಹೋಗುವವರು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಎರಡು ಕಡೆ ಊರೆಲ್ಲ ನಿಂತು ಬೀಸಬೇಕು. ಹೊಡೆಯುವಂತಿಲ್ಲ, ಮುಟ್ಟುವಂತಿಲ್ಲ, ತಡೆಯುವಂತಿಲ್ಲ. ಬರಿಯ ಬೀಸುವುದು. ಅದನ್ನು ದಾಟಿ ಹೋದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಬೀದಿಯ ನಡುವೆಯೇ ಕೂತುಬಿಟ್ಟಿದ್ದರು.

ಅವಳು ತನ್ನ ಬೀಸಣಿಗೆಯನ್ನು ಹೊಸ್ತಿಲ ಮೇಲಿಟ್ಟು ಬರಿಗೈಯಲ್ಲಿ ಇಳಿದಳು. ಕೊಂಬು ಊದಿದರು. "ನನ್ನ ಕೈ ನಿನ್ನ ಮೈಗೆ" ಎಂದಿತು ಊರು. ಅವಳೇ ಹೆಣೆದ ಬೀಸಣಿಗೆಗಳು, ಬೇವಿನ ಎಲೆ ಕಟ್ಟಿಕೊಂಡವು, ಎಲ್ಲ ಒಟ್ಟಿಗೆ ಎದ್ದು ಒಟ್ಟಿಗೆ ಬಿದ್ದವು. ಹುಟ್ಟಿದಾಗಿನಿಂದ ಕಾಣದ ತಂಪು! ಸೆರಗು ಹಾರಿತು, ಬೆವರು ಆರಿತು. ಪ್ರತಿ ಹೆಜ್ಜೆಗೂ ಕಾಲು ಕೂರುತ್ತೇನೆ ಎಂದಿತು. ಬಾಯಿಗಳು ಮಾತ್ರ ಬೇರೆಯೇ ಮಾತಾಡುತ್ತಿದ್ದವು.

"ತಿಂದ ಅಕ್ಕಿ ಕಕ್ಕಿ ಹೋಗೇ!"

"ಮೇಲೆ ಹೋಗಿ ಬಾಯಿ ಬಿಟ್ಕೊಂಡು ಕೂತ್ಕೋ, ನಿಮ್ಮಜ್ಜಿ ಬಂದು ಬೀಸ್ತಾಳೆ!"

"ಕೂತ್ಕೊಳ್ಳೇ ತಾಯಿ, ಕೂತ್ಕೊಂಡ್ರೆ ಎಲ್ಲ ಮರೀತೀವಿ" ಎಂದಳು ಒಬ್ಬ ಮುದುಕಿ, ಬೀಸುತ್ತ, ಬಲು ಪ್ರೀತಿಯಿಂದ. ಬೈಗುಳಕ್ಕಿಂತ ಆ ಮಾತು ದಾಟುವುದು ಕಷ್ಟವಾಯಿತು.

ದಾಟಿದಳು. ಬೀದಿಯ ಕೊನೆಯ ಬೀಸಣಿಗೆ ಹಿಂದಾದ ಕ್ಷಣ ಸೆಕೆ ಅವಳ ಮೇಲೆ ಗೋಡೆ ಬಿದ್ದಂತೆ ಬಿತ್ತು. ಉಸಿರು ಸಿಕ್ಕಲಿಲ್ಲ. ಮುನ್ನ ಹೊರಟವರೆಲ್ಲ ಬೀದಿಯ ನಡುವೆಯೇ ಕೂತದ್ದು ಇದನ್ನು ನೆನೆದು ಹೆದರಿಯೇ ಏನೋ. ಆಗ ಬೆನ್ನಿಗೆ ತೆಳ್ಳಗೆ ಗಾಳಿ ತಾಕಿತು. ತಿರುಗಿ ನೋಡಿದರೆ ಎದುರಿನವಳು. ಮುಖ ಕೆಂಪಗೆ ಮಾಡಿಕೊಂಡು, ಬೀಸುತ್ತ ಬರುತ್ತಿದ್ದಳು.

"ಪ್ರೀತಿಗಲ್ಲ ಕಣೆ ಬರ್ತಿರೋದು" ಎಂದು ಕಿರುಚಿದಳು. "ಎದುರಿನವರು ಕಣ್ಣಿಗೆ ಕಾಣೋವರೆಗೂ ಬೀಸಬೇಕು ಅಂತ ಕಟ್ಟಳೆ. ಬೇಗ ಕಣ್ಮರೆಯಾಗು, ಕೈ ನೋಯ್ತಿದೆ."

"ಬಾ ನೀನೂ. ನಂಗೆ ಗೊತ್ತು, ಇನ್ನು ಅಲ್ಲಿ ನಿಂಗ್ಯಾರೂ ಬೀಸಲ್ಲ."

"ನಿನ್ನ ಜೊತೆನಾ? ಬೆಂದು ಸಾಯ್ತೀನಿ ಹೊರತು ನಿನ್ನ ಹಿಂದೆ ಬರಲ್ಲ" ಎನ್ನುತ್ತಲೇ ಹಿಂದೆ ಹಿಂದೆ ಬಂದಳು.

ಹೀಗೆ ಬಂಡೆ ಹತ್ತಿದರು. ಮುಂದೆ ಒಬ್ಬಳು, ಹಿಂದೆ ಒಬ್ಬಳು, ನಡುವೆ ಬೈಗುಳ ಮತ್ತು ಗಾಳಿ. ಬಂಡೆ ಕಾದಿತ್ತು. ಸಂದುಗಳು ಕಿರಿದಾಗಿದ್ದವು. ಬೀಸಣಿಗೆಯವಳು ಪ್ರತಿ ತಿರುವಿನಲ್ಲೂ ಮರೆಯಾಗಿಬಿಡಬಹುದಿತ್ತು. ಪ್ರತಿ ತಿರುವಿನಲ್ಲೂ ನಿಂತಳು. ಎದುರಿನವಳು ಏದುಸಿರು ಬಿಡುತ್ತ ಬಂದು, "ನಿಂತ್ಕೋಬೇಡ್ವೇ, ಮುಂಡೇದೆ, ನಡಿ" ಎಂದು ಮತ್ತೆ ಬೀಸುತ್ತಿದ್ದಳು.

ನೆತ್ತಿಯ ಹತ್ತಿರ ಬಂದಾಗ ಎದುರಿನವಳ ತೋಳು ಸೋತು ಕೆಳಗೆ ಬಿತ್ತು. ಬೀಸಣಿಗೆ ತೊಡೆಗೆ ತಾಕಿ ನಿಂತಿತು. ಆದರೂ ಮುಂದಿದ್ದವಳ ಕೂದಲು ಹಾರುತ್ತಿತ್ತು.

ಎದುರಿನವಳು ತನ್ನ ಕೈ ನೋಡಿಕೊಂಡಳು. ಆ ಕೂದಲು ನೋಡಿದಳು. ಸುತ್ತಲೂ ನೋಡಿದಳು. ಬಂಡೆಯ ಹಿಂದೆ ಬಗ್ಗಿ ನೋಡಿದಳು.

"ಯಾರೇ ಅದು?" ಎಂದಳು. "ನಿಂಗೆ ಬೀಸ್ತಿರೋಳು ಯಾರೇ? ಎಷ್ಟು ದಿನದಿಂದ ಇಟ್ಕೊಂಡಿದೀಯ ಅವಳನ್ನ?"

"ಯಾರೂ ಇಲ್ಲ ಕಣೆ. ನಿಂಗೂ ಬರ್ತಿದೆ ನೋಡು. ನಿನ್ನ ಸೆರಗು ನೋಡ್ಕೋ."

ಎದುರಿನವಳು ತನ್ನ ಸೆರಗು ಪಟಪಟಿಸುವುದನ್ನು ನೋಡಿದಳು. ಕಿವಿಯ ಹಿಂದೆ, ಬೀಸಣಿಗೆಯವಳಿಗೆ ಮಾತ್ರ ಗೊತ್ತಿದ್ದ ಆ ಜಾಗಕ್ಕೆ, ಕೇಳದೆ ಕರೆಯದೆ ತಂಪು ನುಗ್ಗಿತು. ಮುಖ ಒಂದು ಗಳಿಗೆ ಸಡಿಲವಾಯಿತು. ಮರುಗಳಿಗೆ ಸೆರಗನ್ನು ಬಿಗಿದು ಕಟ್ಟಿಕೊಂಡು ಗಾಳಿಗೆ ಬೆನ್ನು ಮಾಡಿ ಕೂತುಬಿಟ್ಟಳು.

"ಗುರುತಿಲ್ಲ ಪರಿಚಯವಿಲ್ಲ, ಮೈ ಮುಟ್ಟೋಕೆ ಬರ್ತಾಳಲ್ಲ, ಛೀ! ನಂಗೆ ಬೇಡ ಅವಳದು. ನೀನು ಬೀಸು."

"ಇಷ್ಟು ಗಾಳಿಯಲ್ಲಿ ನಾನೇನೇ ಬೀಸಲಿ?"

"ನೀನು ಬೀಸು ಅಂದೆ." ತನ್ನ ಬೀಸಣಿಗೆಯನ್ನು ಹಿಂದೆ ನೋಡದೆ ಹಿಂದಕ್ಕೆ ಚಾಚಿದಳು. "ಬೀಸಿದ್ರೆ ಇಲ್ಲೇ ಕೂತಿರ್ತೀನಿ. ಊರಿಗೂ ಹೋಗಲ್ಲ. ಇಲ್ಲೇ, ನಿನ್ನೆದುರು. ಸಾಯೋವರೆಗೂ."

ಬೀಸಣಿಗೆಯವಳು ಅದನ್ನು ತೆಗೆದುಕೊಂಡಳು. ತೆಗೆದುಕೊಳ್ಳದೆ ಏನು ಮಾಡುತ್ತಾಳೆ? ತಾನೇ ಹೆಣೆದದ್ದು, ಹಿಡಿ ಬೆರಳಿಗೆ ಸರಿಯಾಗಿ ಕೂತಿತು. ಒಮ್ಮೆ ಬೀಸಿದಳು. ಆ ಗಾಳಿಯಲ್ಲಿ ಅವಳ ಬೀಸು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಹೊಳೆಗೆ ಸುರಿದ ಚೊಂಬಿನ ನೀರಿನ ಹಾಗೆ.

"ಹಾಂ, ಹಾಗೆ" ಎಂದಳು ಎದುರಿನವಳು ಕಣ್ಣು ಮುಚ್ಚಿ. "ಇದು ನಿಂದೇ. ನಂಗೊತ್ತಾಗುತ್ತೆ."

ಗಾಳಿ ಮೊರದಗಲದ ಗರಿಯನ್ನು ಹಿಡಿದು ಎಳೆಯುತ್ತಿತ್ತು. ಹಿಡಿದುಕೊಂಡಿರಲು ಮೈಯ ಬಲವೆಲ್ಲ ಬೇಕಾಗಿತ್ತು. ಹಿಡಿದುಕೊಂಡಿದ್ದರೆ ಇಬ್ಬರೂ ಆ ನೆತ್ತಿಯ ಮೇಲೆ, ಗಾಳಿಯ ನಡುವೆ, ಗಾಳಿ ಬೀಸಿಕೊಳ್ಳುತ್ತ ಮುದುಕಿಯರಾಗುತ್ತಿದ್ದರು. ಅದೂ ಒಂದು ಬದುಕೇ. ಅವಳು ಎದುರಿನವಳ ಬೆನ್ನನ್ನು, ರವಿಕೆ ಒದ್ದೆಯಾಗಿದ್ದ ಜಾಗ ಆರುತ್ತ ಬರುವುದನ್ನು ನೋಡಿದಳು. ಪೂರ್ತಿ ಆರುವವರೆಗೆ ನೋಡಿದಳು. ಆಮೇಲೆ ಬೆರಳು ಬಿಚ್ಚಿದಳು.

ಬೀಸಣಿಗೆ ಎದ್ದು, ಗಿರ್ರನೆ ಸುತ್ತಿ, ಊರಿನ ಕಡೆ ಇಳಿಯತೊಡಗಿತು. ಎದುರಿನವಳು ಸದ್ದು ಕೇಳಿ ಕಣ್ಣು ಬಿಟ್ಟಳು. ಎದ್ದವಳೇ ಬೀಸಣಿಗೆಯವಳ ಕೆನ್ನೆಗೆ ಫಟಾರನೆ ಬಾರಿಸಿದಳು. ಬಲಗೈಯಲ್ಲಿ. ದಪ್ಪ ಭುಜದ ಏಟು.

"ನನ್ನದದು! ಹಾಳಾಗಿ ಹೋಗು! ಅವಳ ಜೊತೆ ಹಾಳಾಗಿ ಹೋಗು!"

ಎಂದು, ಹಾರುತ್ತಿದ್ದ ಬೀಸಣಿಗೆಯ ಹಿಂದೆ, "ಹಿಡೀರೋ, ಹಿಡೀರೋ" ಎಂದು ಕೂಗುತ್ತ ಬಂಡೆ ಇಳಿದು ಓಡಿದಳು. ಕೆಳಗೆ ಊರು ಕಾಣುತ್ತಿತ್ತು, ನೆಟ್ಟಗೆ ನಿಂತ ಹೊಗೆಯ ನೂಲುಗಳ ಕೆಳಗೆ. ಅವಳ ದನಿ ಚಿಕ್ಕದಾಗುತ್ತ ಹೋಗಿ ಒಂದು ತಿರುವಿನಲ್ಲಿ ನಿಂತಿತು.

ಬೀಸಣಿಗೆಯವಳು ಉರಿಯುವ ಕೆನ್ನೆಯನ್ನು ಹಿಡಿದುಕೊಂಡು ಆಚೆಯ ಇಳಿಜಾರಿಗೆ ಕಾಲಿಟ್ಟಳು. ಇಳಿದಷ್ಟೂ ಗಾಳಿ ತೀಕ್ಷ್ಣವಾಯಿತು. ತೋಳಿನ ಮೇಲೆ ಕೂದಲು ಒಂದೊಂದಾಗಿ ಎದ್ದು ನಿಂತವು. ಹಲ್ಲು ಹಲ್ಲಿಗೆ ಬಡಿಯಿತು. ಚಳಿ ಎಂಬ ಮಾತು ಅವಳ ಊರಿನಲ್ಲಿ ಇರಲಿಲ್ಲ. ಅವಳು ಅದನ್ನು ಹೆದರಿಕೆ ಎಂದುಕೊಂಡಳು. ಹೆದರಿಕೆಯೂ ಇತ್ತು. ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು, ನಡುಗುತ್ತ, ಇಳಿಯುತ್ತ ಹೋದಳು.